ನಾನು ಹಾಲು ಕಾಯ್ದದ್ದು

ನನ್ನ ಹೆಂಡತಿ ಅನಂತಲಕ್ಷ್ಮಿಯಲ್ಲಿ ಇರುವುದು ಒಂದೇ ಒಂದು ಕೊರತೆ (ಉಳಿದವನ್ನು ಹೇಳುವ ಧೈರ್ಯ ನನಗಿಲ್ಲ). ಒಲೆಯ ಮೇಲೆ ಹಾಲಿಟ್ಟು ಲೋಕವ್ಯವಹಾರಕ್ಕೆ ಹೊರಟುಬಿಡುತ್ತಿದ್ದಳು. ಆಗ ನಾವು ಬಿನ್ನಿಪೇಟೆಯ ವಠಾರವೊಂದರಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಮುನಿತಾಯಮ್ಮ ಗೋಡೆಯಾಚೆಯಿಂದ "ಅನಂತಕ್ಕಾ" ಎಂದರೆ ಸಾಕು, ಇವಳೂ ಹೊರಗೆ, ಹಾಲೂ ಹೊರಗೆ.

ಒಂದು ಬೆಳಿಗ್ಗೆ ಕಾಫಿಯ ಬದಲು ಬರಿಯ ಡಿಕಾಕ್ಷನ್ ಕೈಗೆ ಬಂದಾಗ ನನ್ನ ತಾಳ್ಮೆಯೂ ಉಕ್ಕಿತು.

"ಹಾಲು ಉಕ್ಕೋದು ಒಲೆ ತಪ್ಪಲ್ಲ ಕಣೇ, ಮನಸ್ಸಿನ ತಪ್ಪು" ಎಂದೆ. "ಏಕಾಗ್ರತೆ ಬೇಕು. ಮನಸ್ಸು ಉಕ್ಕಿನ ಹಾಗಿದ್ರೆ ಹಾಲು ಹ್ಯಾಗೆ ಉಕ್ಕುತ್ತೆ?"

ಒಲೆ ಒರೆಸುತ್ತಿದ್ದವಳು ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. "ಹಾಗಾದ್ರೆ ನಾಳೆಯಿಂದ ನೀವೇ ಕಾಯಿಸಿ. ಉಕ್ಕು ಯಾವುದು, ತಗಡು ಯಾವುದು, ನೋಡೇಬಿಡೋಣ."

ಹೀಗೆ ನಾನು ಕ್ಷೀರಸಂರಕ್ಷಣಾ ದೀಕ್ಷೆ ತೊಟ್ಟೆ. ಮಾರನೆಯ ಬೆಳಿಗ್ಗೆ ಮಣೆ ಹಾಕಿಕೊಂಡು ಒಲೆಯ ಮುಂದೆ ಕೂತೆ. ದೃಷ್ಟಿ ತಪ್ಪಲೆಯ ಮೇಲೆ, ಕೈ ಇಕ್ಕಳದ ಮೇಲೆ. ಹೊರಗಿನ ಪ್ರಪಂಚ ನನ್ನನ್ನು ಕೆಡಿಸಲು ಟೊಂಕ ಕಟ್ಟಿ ನಿಂತಿತು. ಸೊಪ್ಪಿನವಳು ಬಾಗಿಲಲ್ಲೇ ಬುಟ್ಟಿ ಇಳಿಸಿ ಕೂಗಿದಳು. ಪೇಪರಿನವನು ಪೇಪರು ಎಸೆದ, ಬಿಚ್ಚಿ ನೋಡಲಿಲ್ಲ. ಮುನಿತಾಯಮ್ಮನ ಮನೆಯಲ್ಲಿ ಅತ್ತೆ ಸೊಸೆಗೆ ಜಗಳ ಹತ್ತಿತು. (ಕಿವಿ ಮಾತ್ರ ಅತ್ತ ಹೋಯಿತು. ಕಿವಿಗೆ ರೆಪ್ಪೆ ಇಲ್ಲವಲ್ಲ, ಏನು ಮಾಡುವುದು?) ಹಾಲು ಎದ್ದಿತು, ಕೆನೆ ನಡುಗಿತು, ಅಂಚಿಗೆ ಬಂತು. ನಾನು ತಕ್ಷಣ ಇಳಿಸಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ.

ಅನಂತಲಕ್ಷ್ಮಿ ಸುಮ್ಮನಿರುವ ಹೆಣ್ಣಲ್ಲ. ಒಂದು ದಿನ ಹಿತ್ತಲಿನಿಂದ ಕೂಗಿದಳು. "ರೀ, ಹಸು ನಿಮ್ಮ ಪಂಚೆ ತಿಂತಾ ಇದೆ."

ಇದು ನನ್ನ ತಪಸ್ಸು ಕೆಡಿಸುವ ಹೂಟ ಎಂದು ನಾನು ತಿರುಗಿಯೂ ನೋಡಲಿಲ್ಲ. ಹಾಲಿಳಿಸಿ ಹೋಗಿ ನೋಡಿದರೆ ಹಸು ಸುಳ್ಳಲ್ಲ. ಜರಿ ಅಂಚು ಮಾತ್ರ ಬಿಟ್ಟಿತ್ತು.

"ಓಡಿಸಬಾರದಿತ್ತಾ ನೀನು?"

"ನನ್ನ ಕೈಯಲ್ಲಿ ರುಬ್ಬಿದ ಹಿಟ್ಟಿತ್ತು. ನನಗೂ ಏಕಾಗ್ರತೆ."

ಪಂಚೆ ಹೋದರೂ ಕೀರ್ತಿ ಬಂತು. ನಾನು ಒಲೆಯ ಮುಂದೆ ಕೂತದ್ದನ್ನು ನೋಡಲು ವಠಾರದ ಹೆಂಗಸರು ಕಿಟಕಿಗೆ ಬರುತ್ತಿದ್ದರು. "ಅಣ್ಣಯ್ಯನ ಕಣ್ಣು ತಪ್ಪಿಸಿ ಹಾಲು ಉಸಿರೂ ಬಿಡಲ್ಲ" ಎಂದು ಮುನಿತಾಯಮ್ಮನೇ ಸರ್ಟಿಫಿಕೇಟು ಕೊಟ್ಟಳು. ಆಫೀಸಿನಲ್ಲಿಯೂ ಈ ವಿಷಯ ಹಬ್ಬುವಂತೆ ನಾನು ನೋಡಿಕೊಂಡೆ.

ಆ ಹೊತ್ತಿಗೆ ರಾಜಾಜಿನಗರದಲ್ಲಿ ನಮ್ಮ ಸ್ವಂತ ಮನೆ ಎದ್ದು ನಿಂತಿತು. (ಅಲ್ಲಿ ಮನೆಗಳಿಗಿಂತ ಪೊದೆಗಳೇ ಹೆಚ್ಚು. ಆದರೂ ನಮ್ಮ ಪೊದೆ ನಮ್ಮದು.) ಸಣ್ಣದೇ ಇರಬಹುದು, ಆದರೆ ನಮ್ಮ ವಂಶದಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿದವನು ನಾನೇ ಮೊದಲಿಗ. ಗೃಹಪ್ರವೇಶದ ದಿನ ಎದೆಯುಬ್ಬಿಸಿಕೊಂಡು ಎಲ್ಲರಿಗೂ ಗೋಡೆ ಗೋಡೆ ತೋರಿಸಿದೆ.

ಪೂಜೆ ಮುಗಿಯಿತು. ಅಡುಗೆಮನೆಯ ಹೊಸ ಒಲೆ ಹಚ್ಚಿ ಅನಂತಲಕ್ಷ್ಮಿ ಹಾಲಿಟ್ಟಳು. ನೆಂಟರಿಷ್ಟರು, ವಠಾರದವರೆಲ್ಲ ಸುತ್ತ ನಿಂತರು. ಅಷ್ಟರಲ್ಲಿ ಪುರೋಹಿತರು ಅವಳನ್ನು ಆರತಿ ತಟ್ಟೆಗೆಂದು ಕರೆದರು. ನಮ್ಮ ಅತ್ತೆ ಗಂಗಲಕ್ಷ್ಮಮ್ಮನವರು ನನ್ನ ಕಡೆ ತಿರುಗಿದರು.

"ಅವಳು ಬರೋ ತನಕ ಹಾಲಿನ ಮೇಲೆ ನಿಗಾ ಇರಲಿ, ಅಳಿಯಂದಿರೇ."

ಆ ಮಾತು ಯಾರಿಗೆ ಹೇಳಬೇಕೋ ಅವರಿಗೇ ಹೇಳಿದರು. ನಾನು ಕೂತೆ. ಜನ, ಹೊಗೆ, ಮಂತ್ರ, ಹೂವಿನ ವಾಸನೆ, ಯಾವುದೂ ನನ್ನನ್ನು ಮುಟ್ಟಲಿಲ್ಲ. ಹಾಲು ಎದ್ದಿತು. ಕೆನೆ ನಡುಗಿತು. ಅನಂತಲಕ್ಷ್ಮಿ ಆರತಿ ಹಿಡಿದು ಒಳಗೆ ಬಂದಳು. ಹಾಲು ಅಂಚಿಗೆ ಬಂತು. ಇಕ್ಕಳ ಸಿಗಲಿಲ್ಲ, ಹೆಗಲ ಮೇಲಿನ ಹೊಸ ಶಲ್ಯವನ್ನೇ ಸುತ್ತಿ ತಪ್ಪಲೆಯನ್ನು ಕೆಳಗಿಟ್ಟೆ.

"ಒಂದು ತೊಟ್ಟೂ ಚೆಲ್ಲಲಿಲ್ಲ" ಎಂದೆ.

ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು. ಅನಂತಲಕ್ಷ್ಮಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡಾಗ ಹೊಳೆಯಿತು. ಉಕ್ಕಲೆಂದೇ ಇಟ್ಟ ಹಾಲು ಅದು. ಉಕ್ಕಿದರೇ ಮನೆಗೆ ಏಳಿಗೆ.

"ವರ್ಷವೆಲ್ಲಾ ಉಕ್ಕಬಾರದ ಹಾಲು ಉಕ್ಕಿಸಿ ಬೈಸ್ಕೊಂಡೆ" ಎಂದಳು ಅವಳು ಸಣ್ಣ ದನಿಯಲ್ಲಿ. "ಇವತ್ತೊಂದು ದಿನ ಉಕ್ಕಬೇಕಿತ್ತು."

ಪುರೋಹಿತರು ದಯಾಳುಗಳು. "ಏನೂ ದೋಷವಿಲ್ಲ, ಮತ್ತೆ ಇಡಿ" ಎಂದರು. ಮತ್ತೆ ಇಟ್ಟೆವು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ. ಹಾಲು ಎದ್ದಿತು; ದೇವರಾಣೆಗೂ ಹೇಳುತ್ತೇನೆ, ಬಲಗೈ ತಾನಾಗಿಯೇ ಹೊರಟಿತು. ಅನಂತಲಕ್ಷ್ಮಿ ಅದನ್ನು ಹಿಡಿದುಕೊಂಡಳು. ಎಡಗೈ ಹೊರಟಿತು. ಅದನ್ನು ಅತ್ತೆಯವರು ಹಿಡಿದರು. ಈ ಎಳೆದಾಟದಲ್ಲಿ ಸೌದೆ ಒದೆಸಿಕೊಂಡು ಉರಿ ಕುಗ್ಗಿತು, ಹಾಲು ಕೆಳಗಿಳಿಯಿತು.

"ಯಜಮಾನರು ಸ್ವಲ್ಪ ಹೊರಗಿದ್ದರೆ ಶಾಸ್ತ್ರಕ್ಕೆ ಅನುಕೂಲ" ಎಂದರು ಪುರೋಹಿತರು.

ನನ್ನ ಮನೆಯಿಂದ ನನ್ನನ್ನು ಹೊರಹಾಕಿದರು. ಜಗುಲಿಯಲ್ಲಿ ನನ್ನ ಆಫೀಸಿನ ನಂಜುಂಡಪ್ಪ ಆಗತಾನೆ ಬಂದು ಚಪ್ಪಲಿ ಬಿಡುತ್ತಿದ್ದ.

"ಏನ್ ಸಾರ್, ಆ ಹಾಲಿನ ವಿಷಯ ನಿಜವಂತೆ? ಹಸು ಪಂಚೆ ತಿಂದ್ರೂ ಅಲ್ಲಾಡ್ಲಿಲ್ವಂತೆ?"

ಇಷ್ಟು ಗೌರವದಿಂದ ಕೇಳಿದವನಿಗೆ ಹೇಳದಿರುವುದು ಹೇಗೆ? ಮಣೆ ಹಾಕುವುದರಿಂದ ಮೊದಲುಮಾಡಿ ಕ್ರಮವಾಗಿ ವಿವರಿಸಿದೆ. ಸೊಪ್ಪಿನವಳ ಕೂಗನ್ನು ಅಭಿನಯಿಸಿ ತೋರಿಸಿದೆ. ಮುಗಿಸಿ ಒಳಗೆ ಹೋದಾಗ ಅತ್ತೆಯವರು ಎಲ್ಲರಿಗೂ ಆ ಹಾಲನ್ನೇ ಹಂಚುತ್ತಿದ್ದರು. ಒಲೆಯ ಪೂರ್ವದ ಅಂಚಿನಲ್ಲಿ ಹಾಲು ಹರಿದ ಬಿಳಿಯ ಗುರುತು.

"ಉಕ್ಕಿತಾ?" ಎಂದೆ.

"ಆಗಲೇ" ಎಂದಳು ಅನಂತಲಕ್ಷ್ಮಿ. ಮುಖ ಅರಳಿತ್ತು. "ಎಲ್ರೂ ಕೈ ಮುಗಿದ್ರು. ನಿಮ್ಮನ್ನ ಎಷ್ಟು ಸಲ ಕೂಗಿದೆ ಗೊತ್ತಾ, ನೋಡೋದಕ್ಕೆ ಬನ್ನಿ ಅಂತ? ವಠಾರದೋರೆಲ್ಲ ನೋಡಿದ್ರು. ನೀವೊಬ್ರೇ ನೋಡ್ಲಿಲ್ಲ."

ಒಂದು ಕೂಗೂ ನನಗೆ ಕೇಳಿಸಿರಲಿಲ್ಲ. ನಮ್ಮ ಮನೆಯ ಹಾಲುಕ್ಕಿದ್ದನ್ನು ಕಾಣದವನು ಆ ಮನೆಯ ಯಜಮಾನ ಒಬ್ಬನೇ. ಇದನ್ನು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ನಂಜುಂಡಪ್ಪನಿಗೆ ಕಥೆ ಹೇಳುವಾಗ ನನಗಿದ್ದ ಏಕಾಗ್ರತೆ ಎಂಥದು ಎಂದು ಅದರಿಂದಲೇ ಎಲ್ಲರಿಗೂ ಗೊತ್ತಾಗುತ್ತದೆ.