ಮೂಗಿಲ್ಲದವರ ಚಿತ್ರ

ಮೇಲ್ಮನೆಯ ಅಜ್ಜಿಗೆ ಬಟ್ಟೆ ಹಿಂಡಿ ಒಣಹಾಕುವ ಅಭ್ಯಾಸವೇ ಇರಲಿಲ್ಲ. ಕೆಳಮನೆಯ ಗುಮಾಸ್ತರ ಗ್ರಹಚಾರ ಶುರುವಾದದ್ದು ಅಲ್ಲಿಂದ.

ವರ್ಷವೂ ಊರಿನ ಚಿತ್ರ ಪ್ರದರ್ಶನಕ್ಕೆ ಅವರೊಂದು ಜಲವರ್ಣ ಚಿತ್ರ ಒಯ್ಯುವುದು, ಅಲ್ಲಿ ಚಿತ್ರ ಆರಿಸುವ ಡ್ರಾಯಿಂಗ್ ಮೇಷ್ಟ್ರು "ಅಚ್ಚುಕಟ್ಟಾಗಿದೆ, ಜೀವ ಇಲ್ಲ" ಎಂದು ಹಿಂದಕ್ಕೆ ಕೊಡುವುದು ನಡೆದೇ ಇತ್ತು. ಒಮ್ಮೆಯಾದರೂ ತಮ್ಮ ಚಿತ್ರ ಪ್ರದರ್ಶನದ ಗೋಡೆ ಏರಬೇಕೆಂಬುದೇ ಅವರ ಆಸೆ. ಈ ಸಲ ವಠಾರದ ಅಂಗಳವನ್ನೇ ಬರೆದರು. ನಲ್ಲಿ, ಬಿಂದಿಗೆ, ಕ್ಷೌರದಂಗಡಿ, ಓಡಾಡುವ ನೆರೆಹೊರೆಯವರು, ಕಿಟಕಿಯ ಒಂದೊಂದು ಸರಳು. ಒಣಗಲೆಂದು ಬಾಲ್ಕನಿಯಲ್ಲಿಟ್ಟು ಸ್ನಾನಕ್ಕೆ ಹೋದರು.

ಬಂದು ನೋಡಿದರೆ ಮೇಲಿಂದ ಅಜ್ಜಿಯ ಕಂಬಳಿ ತೊಟ್ಟಿಕ್ಕುತ್ತಿದೆ. ಅಂಗಳದ ಮಂದಿಯೆಲ್ಲ ಒಬ್ಬರೊಳಗೊಬ್ಬರು ಕಲಸಿಹೋಗಿದ್ದಾರೆ.

"ಅಜ್ಜೀ, ಹಿಂಡಿ ಹಾಕಬಾರದಾ?"

"ಕೈಲಿ ಶಕ್ತಿ ಎಲ್ಲಿದೆಯಪ್ಪ? ನೀನೇ ಬಂದು ಹಿಂಡಿಕೊಡು."

ಜಗಳ ಕೇಳಿ ಅಕ್ಕಪಕ್ಕದವರು ನುಗ್ಗಿದರು. ಕ್ಷೌರಿಕ ಚಿತ್ರಕ್ಕೆ ಮುಖ ಹಚ್ಚಿ, "ಇದು ನನ್ನ ಅಂಗಡಿನಾ? ಗಿರಾಕಿಗೆ ತಲೆನೇ ಇಲ್ವಲ್ಲ ಸ್ವಾಮಿ, ಏನು ಕತ್ತರಿಸಲಿ?" ಎಂದ.

"ನನ್ನ ಮೂಗೆಲ್ಲಿ?" ಎಂದಳು ಎದುರುಮನೆ ದರ್ಜಿಯ ಹೆಂಡತಿ.

"ಹರಿದುಹಾಕಿ. ಇರೋ ಮಾನ ಉಳಿಯುತ್ತೆ," ಎಂದರು ಗುಮಾಸ್ತರ ಹೆಂಡತಿ.

ಹರಿಯಲು ಕೈ ಹಾಕಿದ್ದ ಗುಮಾಸ್ತರು ಆ ಮಾತಿಗೆ ನಿಂತರು. ಎಲ್ಲರೂ ಬೇಡವೆಂದದ್ದೇ ಅವರಿಗೆ ಹಟವಾಯಿತು. "ನಾನು ಬರೆದದ್ದೇ ಹೀಗೆ. ಒಂದು ಚುಕ್ಕೆ ತಿದ್ದಲ್ಲ. ಮೂಗು ಬೇಕಾದವರು ಕನ್ನಡಿ ನೋಡ್ಕೊಳ್ಳಿ," ಎಂದವರೇ ಚಿತ್ರವನ್ನು ಬಗಲಿಗಿಟ್ಟುಕೊಂಡು ಪ್ರದರ್ಶನಕ್ಕೆ ನಡೆದರು.

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. "ದಿನನಿತ್ಯದ ಬದುಕು, ಬೆಳಕಲ್ಲಿ ಕರಗಿದ ಹಾಗಿದೆ. ಅಪ್ಪಟ ಇಂಪ್ರೆಷನಿಸ್ಟ್ ಶೈಲಿ. ಹೇಗೆ ಸಾಧಿಸಿದಿರಿ?"

"ಕೈಗುಣ," ಎಂದರು ಗುಮಾಸ್ತರು, ಕಣ್ಣು ಮಿಟುಕಿಸದೆ.

ಚಿತ್ರ ಗೋಡೆ ಏರಿತು. ಅಂದೇ ಸಂಜೆ ಮೊದಲ ಬಹುಮಾನವೂ ಬಂತು. ಆದರೆ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. "ನಾಳೆ ಶಿಷ್ಯರನ್ನೆಲ್ಲ ನಿಮ್ಮ ಮನೆಗೆ ಕರ್ಕೊಂಡು ಬರ್ತೀನಿ. ಅವರೆದುರಿಗೆ ಇಂಥದ್ದೇ ಇನ್ನೊಂದು ಬರೀಬೇಕು. ಆಗಲ್ಲ ಅಂದ್ರೆ ಇದು ನಿಮ್ಮದಲ್ಲ ಅಂತಾರೆ ಜನ."

"ಒಂದೇನು, ಹತ್ತು ಬರೀತೀನಿ," ಎಂದು ಎದೆಯುಬ್ಬಿಸಿ ಹೊರಬಂದವರು ಮನೆಯತ್ತ ಓಡಿದರು. ತಮ್ಮ ಬಾಗಿಲನ್ನೂ ದಾಟಿ ಸೀದಾ ಮೇಲ್ಮನೆಗೆ ಹತ್ತಿದರು.

"ಅಜ್ಜೀ, ಬೆಳಿಗ್ಗೆ ಬೈದದ್ದು ತಪ್ಪಾಯ್ತು. ನಾಳೇನೂ ಆ ಕಂಬಳಿ..."

ಅಜ್ಜಿ ಅವರ ಬೆನ್ನು ಸವರಿದರು. "ತಪ್ಪು ನಂದೇ ಕಣಪ್ಪ. ಅದಕ್ಕೇ ಮಗಳಿಗೆ ಹೇಳಿ ಇವತ್ತೇ ಬಟ್ಟೆ ಹಿಂಡೋ ಮಷಿನ್ ತರಿಸಿದೆ. ಕಂಬಳಿ ಆಗಲೇ ಗರಿಗರಿ ಒಣಗಿದೆ. ಇನ್ಮೇಲೆ ನಿನ್ನ ಚಿತ್ರದ ಮೇಲೆ ಒಂದೇ ಒಂದು ಹನಿ ಬಿದ್ರೆ ನನ್ನನ್ನ ಕೇಳು."