ಇಗೋ ಬಂದೆ

ನಮ್ಮ ಎಮರ್ಜೆನ್ಸಿಯ ಇನ್‌ಚಾರ್ಜ್ ಸಿಸ್ಟರಿಗೆ ಒಂದು ಅಭ್ಯಾಸ ಉಂಟು. ಯಾರು ಕರೆದರೂ "ಇಗೋ ಬಂದೆ" ಎನ್ನುತ್ತಾರೆ, ಎಂದವರೇ ಕರೆದವರಿಗೆ ಬೆನ್ನು ಹಾಕಿ ಇನ್ನೊಂದು ದಿಕ್ಕಿಗೆ ನಡೆಯುತ್ತಾರೆ. ಸುಳ್ಳು ಹೇಳುವ ಸ್ವರ ಅಲ್ಲ ಅದು. ನಿಜವಾಗಿ ಬರುವವರ ಸ್ವರ. ಅವರು ಬರುತ್ತಾರೆ ಕೂಡ. ಅಷ್ಟರಲ್ಲಿ ಕರೆದವರಿಗೆ ನಿದ್ದೆ ಬಂದಿರುತ್ತದೆ, ಅಥವಾ ತನ್ನಿಂದ ತಾನೇ ಗುಣವಾಗಿರುತ್ತದೆ, ಅಥವಾ ಅವರ ಮನೆಯವರು ಸಿಟ್ಟಾಗಿ ಅವರನ್ನು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾರೆ.

ಇಂಥವು ಅಲ್ಲಿ ದಿನಾ ನಡೆಯುತ್ತವೆ. ನಗಬಾರದ ಜಾಗದಲ್ಲೇ ನಗು ಬರುವುದು, ಎಂತ ಮಾಡುವುದು.

ನಾನು ಅಲ್ಲಿ ಕೆಲಸದವಳಲ್ಲ, ಸಂಶೋಧನೆಗೆ ಹೋದವಳು. ಮಣಿಪಾಲದಲ್ಲಿ ರೂಮು ಮಾಡಿಕೊಂಡು ನರ್ಸಿಂಗ್ ಎಂ.ಎಸ್ಸಿ. ಓದುತ್ತಿದ್ದೇನೆ. ಆಸ್ಪತ್ರೆ ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಉಂಟು, ಹೆಸರು ಬೇಡ. ನನ್ನ ವಿಷಯ ನೋವು. ರೋಗಿ ಬಂದ ಕೂಡಲೇ ನಾನು "ನಿಮ್ಮ ನೋವು ಹತ್ತರಲ್ಲಿ ಎಷ್ಟು?" ಎಂದು ಕೇಳಬೇಕು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಿಕ್ಕೇ ಆಗದ್ದು. ಔಷಧಿ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ನರ್ಸ್ ಮತ್ತೆ ಬಂದು ಅದನ್ನೇ ಕೇಳಬೇಕು. ಎರಡು ಸಲ ಕೇಳುವುದು, ಎರಡು ಚೌಕದಲ್ಲಿ ಬರೆಯುವುದು. ಆ ಎರಡನೆಯದು ನಿಜವಾಗಿ ನಡೆಯುತ್ತದಾ ಎಂದು ಮೂಲೆಯಲ್ಲಿ ನಿಂತು ನೋಡುವುದು ನನ್ನ ಕೆಲಸ. ನಿಂತು ನೋಡುವುದು ನನಗೆ ಚೆನ್ನಾಗಿ ಬರುತ್ತದೆ. ಕಾರ್ಕಳದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಬಾಯಿ ಮುಚ್ಚಿ ಕೂತವರನ್ನು 'ಗುಡ್ ಗರ್ಲ್' ಎನ್ನುತ್ತಿದ್ದರು. ನಾನು ಅದನ್ನು ಸ್ವಲ್ಪ ಹೆಚ್ಚೇ ನಂಬಿದೆ.

ಮೊದಲ ದಿನವೇ ಸಿಸ್ಟರ್ ನನ್ನನ್ನು ಸೈಡಿಗೆ ಕರೆದರು.

"ಬರಿ ಮಗಾ, ಎಲ್ಲ ಬರಿ. ಇಲ್ಲಿ ನಾಲ್ಕು ಜನ ಇದ್ದೆವು. ಇಬ್ಬರು ಜರ್ಮನಿಗೆ ಹೋದರು. ಈಗ ನಾನು, ಆ ಚಿಕ್ಕ ಹುಡುಗಿ, ಅಷ್ಟೇ. ಇಬ್ಬರು ನರ್ಸ್ ಕೊಡಿ ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿತು. ಮೇಲಿನವರು ಎಂತ ಕೇಳ್ತಾರೆ ಗೊತ್ತುಂಟಾ? ಡಾಟಾ ಉಂಟಾ ಅಂತ. ನೀನು ಡಾಟಾ ಕೊಡು."

ಜರ್ಮನಿಗೆ ಹೋದವರ ಚಪ್ಪಲಿ ಮಾತ್ರ ಇನ್ನೂ ರ್‍ಯಾಕಿನಲ್ಲಿ ಉಂಟು. ಒಮ್ಮೆ ಮ್ಯಾನೇಜರ್ ಬಂದವರು ಅದನ್ನು ನೋಡಿ, "ನಾಲ್ಕು ಜೊತೆ ಉಂಟಲ್ಲ ಸಿಸ್ಟರ್, ಮತ್ತೆ ಇಬ್ಬರೇ ಅಂತೀರಿ?" ಎಂದಿದ್ದರಂತೆ.

ಬೋಣಿ

ನನ್ನ ಮೊದಲ ರೋಗಿ ಕಾಪು ಕಡೆಯ ಒಬ್ಬ ಮೀನಿನ ಅಕ್ಕ. ಮಾರ್ಕೆಟಿನಲ್ಲಿ ಐಸ್ ನೀರಿಗೆ ಜಾರಿ ಬಿದ್ದು ಕೈಮಣಿಕಟ್ಟು ಊದಿಕೊಂಡಿತ್ತು. ನಾನು ನನ್ನ ಪೇಪರು ಹಿಡಿದು ಹತ್ತಿರ ಹೋಗಿ, ನೆಲ ನೋಡುತ್ತಾ ಕೇಳಿದೆ.

"ಅಕ್ಕ, ನಿಮ್ಮ ನೋವು ಹತ್ತರಲ್ಲಿ ಎಷ್ಟು?"

"ಹದಿನೈದು."

"ಹತ್ತರ ಮೇಲೆ ಇಲ್ಲ ಅಕ್ಕ."

"ಇಲ್ಲ ಅಂದರೆ? ಕೈ ನಿನ್ನದಾ ನನ್ನದಾ?"

"ಅಲ್ಲ, ಹತ್ತೇ ಕೊನೆ."

"ಕೊನೆಯ ರೇಟನ್ನು ಮೊದಲೇ ಹೇಳಿದರೆ ವ್ಯಾಪಾರ ಆಗ್ತದಾ ಬಾಲೆ? ನಾನು ಹದಿನೈದು ಹೇಳಬೇಕು, ನೀನು ಐದು ಅನ್ನಬೇಕು. ನಾನು 'ಹೋಗು, ಹೋಗು, ಬೂತಾಯಿ ಮೀನನ್ನೂ ಯಾರೂ ಐದಕ್ಕೆ ಕೊಡುದಿಲ್ಲ' ಅನ್ನಬೇಕು."

ಅಷ್ಟರಲ್ಲಿ ಅವರ ಮುಖ ನೋವಿಗೆ ಹಿಂಡಿಕೊಂಡಿತು. ಸಿಸ್ಟರ್ ದೂರದಿಂದಲೇ "ಇಗೋ ಬಂದೆ ಅಕ್ಕ" ಎನ್ನುತ್ತಾ ಬಾಗಿಲಲ್ಲಿ ನಿಂತ ಆಂಬುಲೆನ್ಸಿನ ಕಡೆ ಓಡಿದರು. ಅಕ್ಕ ಅವರ ಬೆನ್ನನ್ನು ನೋಡಿದರು, ಆಮೇಲೆ ನನ್ನನ್ನು. ನನಗೆ ಅಳು ಬರುವ ಹಾಗಿತ್ತು ಎಂದು ಅವರಿಗೆ ಕಂಡಿರಬೇಕು.

"ಆಯ್ತು, ಏಳು ಬರಿ," ಎಂದರು. "ನಿನ್ನ ಮುಖ ನೋಡಿ ಬಿಟ್ಟದ್ದು. ಬೆಳಗ್ಗಿನ ಬೋಣಿ ಅಲ್ವಾ?"

ಒಂದು ಅಕ್ಷರ

"ಕನ್ನಡದಲ್ಲಿ ಕೇಳಬೇಡ, ಬ್ಯಾಂಕಿನವಳು ಅಂತ ಹೆದರ್ತಾರೆ. ತುಳುವಿನಲ್ಲಿ ಕೇಳು," ಎಂದು ಸಿಸ್ಟರ್ ಸಲಹೆ ಕೊಟ್ಟರು. ನಮ್ಮ ಮನೆಮಾತು ಕೊಂಕಣಿ. ತುಳು ಅರ್ಥವಾಗುತ್ತದೆ, ನಾಲಗೆ ಮಾತ್ರ ತಿರುಗುವುದಿಲ್ಲ. ತುಳುವಿನಲ್ಲಿ ನೋವಿಗೆ ಬೇನೆ, ಕೆಲಸಕ್ಕೆ ಬೇಲೆ. ನಡುವೆ ಇರುವುದು ಒಂದೇ ಅಕ್ಷರ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸರಿಯಾದದ್ದನ್ನೇ ಬಾಯಿಪಾಠ ಮಾಡಿಕೊಂಡು ಹೋದೆ.

ಹೆಬ್ರಿ ಕಡೆಯವರೊಬ್ಬರು ಬೈಕಿನಿಂದ ಬಿದ್ದು ಮೊಣಕಾಲು ಒಡೆದುಕೊಂಡು ಮಲಗಿದ್ದರು. ಹತ್ತಿರ ಹೋದೆ. ಹೆದರಿಕೆಗೆ ಬಾಯಿಯಿಂದ ಬಂದದ್ದು, "ಈರೆಗ್ ಏತ್ ಬೇಲೆ ಉಂಡು?" ನಿಮಗೆ ಎಷ್ಟು ಕೆಲಸ ಉಂಟು, ಎಂದು.

ಅವರು ಮಲಗಿದಲ್ಲೇ ಎದ್ದು ಕೂತರು. ಬಹುಶಃ ಜೀವನದಲ್ಲಿ ಅದನ್ನು ಯಾರೂ ಅವರಿಗೆ ಅಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ.

"ಮಸ್ತ್ ಉಂಡು! ತುಂಬ ಉಂಟು!"

"ಹತ್ತರಲ್ಲಿ?"

"ಹತ್ತೂ ಉಂಟು!"

ನಾನು ಹತ್ತು ಎಂದು ಬರೆದೆ. ಪಾಪ, ಎಂಥಾ ನೋವು ಎಂದುಕೊಂಡೆ. "ಓಲು?" ಎಂದೆ, ಎಲ್ಲಿ ಎಂದು.

"ಇಲ್ಲಡ್," ಎಂದರು. ಮನೆಯಲ್ಲಿ.

ನೋವು ಮನೆಯಲ್ಲಿ ಉಂಟು, ಇವರು ಇಲ್ಲಿ ಮಲಗಿದ್ದಾರೆ. ಆಗ ನನಗೆ ಅನುಮಾನ ಬಂತು. ಅವರು ಮಾತ್ರ ನಿಲ್ಲಿಸಲಿಲ್ಲ: ಪಂಪು ಕೆಟ್ಟಿದೆಯಂತೆ, ದನ ಕರು ಹಾಕಲಿಕ್ಕೆ ಉಂಟಂತೆ, ಭಾವನ ಹೊಸ ಮನೆಯ ಒಕ್ಕಲಿಗೆ ಶಾಮಿಯಾನಕ್ಕೆ ಇವರೇ ಹೇಳಬೇಕಂತೆ. ಎಲ್ಲ ಕೇಳಿಸಿಕೊಂಡು, ಕಿವಿ ಕೆಂಪಾಗಿ, ಈ ಸಲ ಕನ್ನಡದಲ್ಲೇ ಕೇಳಿದೆ. "ಅದಲ್ಲ, ಮೊಣಕಾಲು ನೋಯ್ತಾ ಉಂಟಾ ಅಂತ?"

"ನೋವಾ?" ಅವರು ತಮ್ಮ ಮೊಣಕಾಲನ್ನು ಯಾರದೋ ಎಂಬಂತೆ ನೋಡಿದರು. "ಅದಕ್ಕೆಲ್ಲ ಪುರುಸೊತ್ತು ಎಲ್ಲಿ ಉಂಟು ಮಾರಾಯ್ತಿ!"

ದಾಲ ಇಜ್ಜಿ

ಇದರಲ್ಲಿ ಬರುವವರು ಬದುಕಿದರು. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನಗಲಿಕ್ಕೆ ಧೈರ್ಯ ಬರಲಿಕ್ಕಿಲ್ಲ.

ನಮ್ಮ ಊರಿನ ಗಂಡಸರನ್ನು ಎಂತ ಕೇಳಿದರೂ ಉತ್ತರ ಒಂದೇ: "ದಾಲ ಇಜ್ಜಿ." ಎಂತದೂ ಇಲ್ಲ. ಹುಷಾರುಂಟಾ, ದಾಲ ಇಜ್ಜಿ. ಯಾಕೆ ಕುಂಟುತ್ತೀರಿ, ದಾಲ ಇಜ್ಜಿ. ಇನ್ನಂಜೆಯ ಒಬ್ಬರು ಹಿರಿಯರನ್ನು ಅವರ ಹೆಂಡತಿ ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದರು. ಎದೆಯಲ್ಲಿ ಗ್ಯಾಸ್ ತುಂಬಿದೆಯಂತೆ, ಸೋಡಾ ಕುಡಿದರೂ ಇಳಿಯಲಿಲ್ಲವಂತೆ.

"ನೋವು ಹತ್ತರಲ್ಲಿ ಎಷ್ಟು?"

"ದಾಲ ಇಜ್ಜಿ."

"ಅಂದರೆ ಸೊನ್ನೆ?"

"ಸೊನ್ನೆ. ಇವಳಿಗೆ ಎಲ್ಲದಕ್ಕೂ ಗಡಿಬಿಡಿ."

ಹೆಂಡತಿ ಸಿಸ್ಟರನ್ನು ಕರೆದರು. "ಇಗೋ ಬಂದೆ ಅಮ್ಮ," ಎಂದರು ಸಿಸ್ಟರ್. ಅವರ ಒಂದು ಕೈ ಒಂದು ಮಗುವಿನ ಡ್ರಿಪ್ಪಿನಲ್ಲಿತ್ತು, ಇನ್ನೊಂದು ಯಾರದೋ ತಲೆಗೆ ಬಟ್ಟೆ ಒತ್ತಿ ಹಿಡಿದಿತ್ತು. ಎಂಟು, ಒಂಬತ್ತು ಎಂದವರೆಲ್ಲ ಮೊದಲು ಒಳಗೆ ಹೋದರು. ಸೊನ್ನೆ ಎಂದವರು ಗೋಡೆ ಬದಿಯ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಕೂತವರು ಹಾಗೇ ಬದಿಗೆ ವಾಲಿದರು.

ಆಮೇಲೆ ನಡೆದದ್ದನ್ನು ನಾನು ಪೂರ್ತಿ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಸಿಸ್ಟರ್ ಹಾರಿ ಬಂದದ್ದು, ಡಾಕ್ಟರ್ ಎದೆ ಒತ್ತಿದ್ದು, ಮಾನಿಟರಿನ ಶಬ್ದ ಮತ್ತೆ ಸರಿಯಾದದ್ದು ಮಾತ್ರ ಕಿವಿಗೆ ಬಿತ್ತು. ಹಾರ್ಟ್ ಅಟ್ಯಾಕ್. ಮೇಲೆ ಐ.ಸಿ.ಯು.ಗೆ ಸಾಗಿಸುವಾಗ ಹಿರಿಯರು ಕಣ್ಣು ಬಿಟ್ಟರು. ಹೆಂಡತಿ ಅಳುತ್ತಾ ಬಗ್ಗಿ, "ಈಗ ಹೇಗುಂಟು, ಹೇಳಿ!" ಎಂದರು.

"ದಾಲ ಇಜ್ಜಿ."

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು. "ಇವರದ್ದು ಎಷ್ಟು ಅಂತ ಬರೆದೆ ಮಗಾ?"

"ಸೊನ್ನೆ," ಎಂದೆ ಮೆಲ್ಲನೆ.

"ಹತ್ತು ಮಾಡು. ಮದುವೆಯಾದಂದಿನಿಂದ ಅವರ ನೋವನ್ನು ಹೇಳಿದ್ದು ನಾನೇ. ಇವರು ಯಾವಾಗ ಹೇಳಿದ್ದು?"

ವ್ಯಾಕರಣ

ಮಣಿಪಾಲದ ಹಾಸ್ಟೆಲಿನ ಒಬ್ಬ ಹುಡುಗ, ದೆಹಲಿ ಕಡೆಯವನು, ಕಾಪು ಬೀಚಿನಲ್ಲಿ ಫುಟ್‌ಬಾಲ್ ಆಡಿ ಕಾಲು ಉಳುಕಿಸಿಕೊಂಡು ಬಂದಿದ್ದ. ಮೊಬೈಲಿನಲ್ಲಿ ಕನ್ನಡ ಕಲಿಯುತ್ತಿದ್ದನಂತೆ. ಸಿಸ್ಟರ್ ಒಂದು ಮಾತ್ರೆ ಕೊಟ್ಟು, "ಇಗೋ ಬಂದೆ," ಎಂದು ಹೋದರು. ಎಷ್ಟೋ ಹೊತ್ತಾದ ಮೇಲೆ ಅವನು ಬಹಳ ಗಂಭೀರವಾಗಿ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ.

"ಬಂದೆ ಅಂದರೆ ಭೂತಕಾಲ ಅಲ್ಲವಾ?"

"ಹೌದು."

"ಅಂದರೆ ಬಂದು ಆಗಿದೆ."

"ಹೌದು."

"ಆದರೆ ಅವರು ಹೋದರು."

"ಹೌದು."

ನಮ್ಮಲ್ಲಿ ಮನಸ್ಸು ಮೊದಲೇ ಬಂದುಬಿಡುತ್ತದೆ, ಮೈ ಹಿಂದಿನಿಂದ ಬರುತ್ತದೆ, ಎಂದು ಏನೋ ಹೇಳಿದೆ. ಅವನು ತಲೆಯಾಡಿಸಿ ಮೊಬೈಲಿನಲ್ಲಿ ಬರೆದುಕೊಂಡ. ಅಷ್ಟರಲ್ಲಿ ಗೆಳೆಯರು ಆಟೋ ತಂದು ಹೊರಗಿನಿಂದ ಅವನನ್ನು ಕೂಗಿದರು.

"ಇಗೋ ಬಂದೆ!" ಎಂದು ಸ್ವಚ್ಛ ಕನ್ನಡದಲ್ಲಿ ಕೂಗಿ, ಅವನು ದಿಂಬಿಗೆ ಒರಗಿ ಇನ್ನೊಂದು ವಿಡಿಯೋ ನೋಡತೊಡಗಿದ. ಇನ್ನು ಇವನಿಗೆ ಕಲಿಸಲಿಕ್ಕೆ ಎಂತದೂ ಉಳಿದಿಲ್ಲ ಎಂದುಕೊಂಡೆ.

ಕೇಳಿಸಲಿಲ್ಲ

ಕೆಲಸ ಮುಗಿಯುವ ಹೊತ್ತಿಗೆ ನನ್ನ ಪೇಪರುಗಳಲ್ಲಿ ಮೊದಲ ಚೌಕ ತುಂಬಿತ್ತು, ಎರಡನೆಯದು ಹೆಚ್ಚುಕಡಿಮೆ ಪೂರ್ತಿ ಖಾಲಿ. ಔಷಧಿ ಕೊಟ್ಟ ಮೇಲೆ ನೋವು ಕಡಿಮೆಯಾಯಿತಾ ಎಂದು ಮತ್ತೆ ಬಂದು ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ಕೇಳಲಿಕ್ಕೆ ಯಾರು ಇದ್ದರು? ಸಿಸ್ಟರ್ ತಂದ ಬುತ್ತಿ ಸಂಜೆಯವರೆಗೂ ಮುಚ್ಚಿಯೇ ಇರುತ್ತಿತ್ತು. ಅವರು ಕೂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಒಂದು ದಿನ ಅವರು ಗೋಡೆ ಹಿಡಿದು ಕಾಲು ಬದಲಿಸುತ್ತಿದ್ದಾಗ ತಮಾಷೆಗೆ, "ಸಿಸ್ಟರ್, ನಿಮ್ಮದು ಹತ್ತರಲ್ಲಿ ಎಷ್ಟು?" ಎಂದೆ. ಅವರು ಬಾಯಿ ತೆರೆದರು. ಯಾರೋ ಕರೆದರು. "ಇಗೋ ಬಂದೆ," ಎಂದು ಹೋದರು. ಅವರ ಹೆಸರಿನಲ್ಲಿ ನನ್ನ ಹತ್ತಿರ ಎರಡು ಚೌಕವೂ ಖಾಲಿ.

ಮೇಲಿನವರ ಎದುರು ವರದಿ ಓದುವ ದಿನ ಸಿಸ್ಟರ್ ಬಾಗಿಲ ಹತ್ತಿರವೇ ನಿಂತಿದ್ದರು. ನಾನು ಖಾಲಿ ಚೌಕಗಳನ್ನು ತೋರಿಸಿದೆ. ಮ್ಯಾನೇಜರ್ ಬಹಳ ಆಸಕ್ತಿಯಿಂದ ನೋಡಿದರು.

"ತುಂಬ ಒಳ್ಳೆ ಸ್ಟಡಿ. ಸಮಸ್ಯೆ ಎಂತ ಅಂತ ಈಗ ಗೊತ್ತಾಯ್ತು. ರೋಗಿಗಳು ಕರೆದದ್ದು ನರ್ಸಿಗೆ ಕೇಳಿಸುದಿಲ್ಲ."

ನಾನು ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಹೇಳಿದೆ: "ಕೇಳಿಸ್ತದೆ ಸರ್. ಬರಲಿಕ್ಕೆ ಜನ ಇಲ್ಲ."

"ಎಂತ? ಕೇಳಿಸಲಿಲ್ಲಮ್ಮ."

ಇನ್ನೊಮ್ಮೆ ಹೇಳಿದೆ. ಸ್ವರ ಇನ್ನೂ ಸಣ್ಣದಾಯಿತು.

"ನೋಡಿ," ಎಂದು ಅವರು ಉಳಿದವರ ಕಡೆ ತಿರುಗಿದರು. "ನಾನು ಹೇಳಿದ್ದು ಇದನ್ನೇ. ಬೆಲ್ ಬೇಕು."

ಬೆಲ್

ಬೆಲ್ ಬಂತು. ಪ್ರತಿ ಮಂಚಕ್ಕೂ ಒಂದು, ಕೆಂಪು ಗುಂಡಿಯದ್ದು. ಉದ್ಘಾಟನೆಗೆ ರಿಬ್ಬನ್ನು, ಫೋಟೋಗ್ರಾಫರ್, ಎಲ್ಲ ಇದ್ದರು. ಮ್ಯಾನೇಜರ್ ನನ್ನನ್ನೂ ಮುಂದೆ ನಿಲ್ಲಿಸಿ, "ಈ ಬೆಲ್ಲಿಗೆ ಕಾರಣ ಈ ಹುಡುಗಿಯ ಸಂಶೋಧನೆ," ಎಂದರು. ನಾನು ಸಿಸ್ಟರ ಮುಖ ನೋಡಲಿಲ್ಲ.

"ಮೊದಲ ಬೆಲ್ ಸಿಸ್ಟರೇ ಒತ್ತಲಿ. ಸಿಸ್ಟರ್, ನೀವು ರೋಗಿ ಅಂತ ಇಟ್ಟುಕೊಳ್ಳಿ. ಕೂತುಕೊಳ್ಳಿ."

ಆಗಷ್ಟೇ ಖಾಲಿಯಾದ ಒಂದು ಮಂಚದ ಮೇಲೆ ಸಿಸ್ಟರ್ ಕೂತರು. ಕೂತ ಕೂಡಲೇ ಅವರ ಬಾಯಿಂದ "ಅಮ್ಮಾ" ಎಂದು ಒಂದು ಸಣ್ಣ ಶಬ್ದ ಬಂತು. ಬೆಲ್ ಒತ್ತಿದರು. ಡಿಂಗ್ ಡಾಂಗ್ ಎಂದು ನೆಂಟರು ಬಂದ ಹಾಗೆ ಶಬ್ದವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯಿತು. ಎಲ್ಲರೂ ಬಾಗಿಲ ಕಡೆ ನೋಡಿದರು, ಬೆಲ್ ಒತ್ತಿದ ಮೇಲೆ ಯಾರಾದರೂ ಬರಬೇಕಲ್ಲ. ಚಿಕ್ಕ ನರ್ಸ್ ಪರದೆಯ ಆಚೆ ಒಬ್ಬರ ಗಾಯ ಹೊಲಿಯುವಲ್ಲಿ ಡಾಕ್ಟರಿಗೆ ಕೈ ಕೊಡುತ್ತಿದ್ದಳು. ಇನ್ನೊಬ್ಬ ನರ್ಸ್ ಮಂಚದ ಮೇಲೆ ಕೂತಿದ್ದರು.

"ಶಬ್ದ ಚೆನ್ನಾಗಿ ಕೇಳಿಸ್ತದೆ," ಎಂದರು ಮ್ಯಾನೇಜರ್.

"ಕೇಳಿಸಿತಲ್ವಾ ಸರ್," ಎಂದರು ಸಿಸ್ಟರ್, ಏಳದೆ. "ಹಾಗಾದರೆ ಆ ಇಬ್ಬರು ನರ್ಸಿನ ವಿಷಯ..."

ಮ್ಯಾನೇಜರ ಫೋನು ರಿಂಗಾಯಿತು. ಅವರು ಅದನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯನ್ನು ಸಿಸ್ಟರ ಕಡೆ ಎತ್ತಿ, "ಇಗೋ ಬಂದೆ ಸಿಸ್ಟರ್," ಎಂದರು, ಬೆನ್ನು ಹಾಕಿ ಲಿಫ್ಟಿನ ಕಡೆ ನಡೆದರು.

ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಸಿಸ್ಟರಿಗೂ ಆಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಲಿಫ್ಟಿನ ಬಾಗಿಲು ಮುಚ್ಚುವುದರಲ್ಲಿತ್ತು. ಸಿಸ್ಟರ್ ನಗು ನಿಲ್ಲಿಸಿ ಕೆಂಪು ಗುಂಡಿಯ ಮೇಲೆ ಮತ್ತೆ ಬೆರಳು ಇಟ್ಟರು, ಈ ಸಲ ತೆಗೆಯಲಿಲ್ಲ.

ಡಿಂಗ್ ಡಾಂಗ್, ಡಿಂಗ್ ಡಾಂಗ್.

"ಸರ್," ಎಂದು ಕೂಗಿದರು, "ಇಬ್ಬರು ಬೇಡ. ಒಬ್ಬರನ್ನಾದರೂ ಕಳಿಸಿ."