ಹೊಲದ ಅಂಚಿನ ಮಿಡ್‌ಫೀಲ್ಡರ್

ನಿಂತ ಜಾಗ ಬಿಟ್ಟು ಕದಲದಿರುವುದನ್ನು ಜನ ಸೋಮಾರಿತನ ಅನ್ನುತ್ತಾರೆ. ನಾನು ಅದನ್ನೇ ಇಪ್ಪತ್ತು ವರ್ಷ ಫುಟ್ಬಾಲ್ ಎಂದು ಕರೆದು ಮರ್ಯಾದೆಯಿಂದ ಬದುಕಿದವನು. ಹಗರಿಬೊಮ್ಮನಹಳ್ಳಿಯ ನಮ್ಮ ಶಾಲಾ ಸಿಬ್ಬಂದಿಯ ತಂಡದಲ್ಲಿ ನನ್ನದು ಡಿಫೆನ್ಸಿವ್ ಮಿಡ್‌ಫೀಲ್ಡರ್ ಜಾಗ. ಅಂದರೆ ನಮ್ಮ ಡಿಫೆಂಡರ್‌ಗಳ ಮುಂದೆ ನಿಂತು ಬಂದವರಿಗೆಲ್ಲ ಅಡ್ಡ ಬರುವುದು, ಚೆಂಡು ಸಿಕ್ಕರೆ ಹತ್ತಿರದವರಿಗೆ ಕೊಟ್ಟು ಕೈತೊಳೆದುಕೊಳ್ಳುವುದು. ದೇಹವೂ ಈ ಕೆಲಸಕ್ಕೆ ಸಹಕರಿಸಿತು, ವರ್ಷವರ್ಷವೂ ಅಗಲವಾಗುತ್ತ ಬಂತು. ನನ್ನನ್ನು ಸುತ್ತಿಹೋಗುವಷ್ಟರಲ್ಲಿ ಎದುರಾಳಿಗೆ ಅರ್ಧ ಸುಸ್ತಾಗುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದವರು ಹರಪನಹಳ್ಳಿ ಕಡೆಯಿಂದ ವರ್ಗವಾಗಿ ಬಂದ ದೈಹಿಕ ಶಿಕ್ಷಕಿ ಶಿವಲೀಲಾ ಮೇಡಂ. ತಂಡಕ್ಕೆ ಕೋಚ್ ಆದ ಮೊದಲ ದಿನವೇ ಮೊಬೈಲಿನಲ್ಲಿ ಯಾವುದೋ ದೇಶದ ಪಂದ್ಯ ತೋರಿಸಿ, "ಸರ್, ಈಗ ಆ ಜಾಗ್ದಾಗೆ ಬರೀ ಅಡ್ಡ ನಿಂತ್ರೆ ನಡೆಯಲ್ಲ. ಗೋಲ್‌ಕೀಪರ್ ಕೊಟ್ಟ ಚೆಂಡು ನೀವೇ ಇಸ್ಕಂಡು ಆಟ ಶುರು ಮಾಡ್ಬೇಕು. ಚೆಂಡು ಬರೋಕೆ ಮೊದ್ಲೇ ಹಿಂದ್ ತಿರುಗಿ ಯಾರ್ ಎಲ್ಲದಾರೆ ಅಂತ ನೋಡ್ಕಂಡಿರ್ಬೇಕು" ಅಂದರು. ಹಡಗಲಿಯವರ ಜೊತೆಗಿನ ಪಂದ್ಯದ ಹೊತ್ತಿಗೆ ಇದು ಬರದಿದ್ದರೆ ನನ್ನ ಜಾಗ ಅಟೆಂಡರ್ ಮೈಲಾರಪ್ಪನಿಗೆ ಎಂದೂ ಸೇರಿಸಿದರು. ಮನೆಗೆ ಬಂದು ಹೆಂಡತಿಯ ಹತ್ತಿರ ಗೋಳು ತೋಡಿಕೊಂಡೆ. "ಮನ್ಯಾಗೂ ನಿಮ್ದು ಅದ ಆಟ ಅಲ್ರಿ? ಬಾಗಲದಾಗ ನಿಂತು ಬಂದೋರನ್ನ ಮಾತಾಡಿಸಿ ತಡೀತೀರಿ, ಚಾ ಮಾಡಾಕ ನಾನ ಬರಬೇಕು" ಅಂದಳು. ಅಲ್ಲಿಗೆ ಆ ಸಭೆ ಮುಗಿಯಿತು.

ಮೈಲಾರಪ್ಪ ನಲವತ್ತರ ಗಂಡಸು. ಅಣ್ಣನ ಜೊತೆ ಕುರಿ ಸಾಕಿದ್ದಾನೆ. ಭಾನುವಾರ ಮೇಯಿಸುವ ಪಾಳಿ ಇವನದಾದ್ದರಿಂದ ಪಂದ್ಯಗಳಿಗೆ ಬರುತ್ತಿರಲಿಲ್ಲ. ಆದರೆ ಸಂಜೆಯ ಅಭ್ಯಾಸದಲ್ಲಿ ಇವನು ಓಡಿದ್ದನ್ನು ಯಾರೂ ಕಂಡಿಲ್ಲ, ಚೆಂಡು ಮಾತ್ರ ಇವನ ಕಾಲಿಗೇ ಬರುತ್ತಿತ್ತು. ಮಾನ ಬದಿಗಿಟ್ಟು ಗುಟ್ಟು ಕೇಳಿದೆ. ಮರುದಿನವೇ ಕುರಿಗಳ ಹತ್ತಿರ ಕರೆದೊಯ್ದು, ಪಕ್ಕದ ಮೆಕ್ಕೆಜೋಳಕ್ಕೆ ಒಂದೂ ಇಳಿಯದಂತೆ ನೋಡಿಕೊಳ್ಳಿ ಅಂದ.

ಹಿಂಡಿನ ಮುಂದಿದ್ದ ಕುರಿ ಹೊಲದತ್ತ ಹೊರಟಿತು. ಇಪ್ಪತ್ತು ವರ್ಷದ ಅನುಭವ ಸುಮ್ಮನಿದ್ದೀತೇ? ಕೈ ಅಗಲಿಸಿಕೊಂಡು ಅಡ್ಡ ನುಗ್ಗಿದೆ. ಹಿಂಡು ನನ್ನ ಎರಡೂ ಮಗ್ಗುಲಿಂದ ಹೊಲ ಹೊಕ್ಕಿತು.

"ಸರ, ಕುರಿಗೆ ಅಡ್ಡ ಬೀಳಬ್ಯಾಡ್ರಿ" ಎಂದು ಮೈಲಾರಪ್ಪ ಅವನ್ನೆಲ್ಲ ಹೊರಗೆ ತಂದ. "ಮುಂದಿನ ಕುರಿ ಎತ್ತ ನೋಡತೈತಿ ನೋಡ್ರಿ. ಅದು ಹೊಳ್ಳಾಕ ಮೊದ್ಲ ನೀವು ಅಲ್ಲಿ ನಿಂತಿರಬೇಕ್ರಿ. ಹಿಂದ್ಲ ಕುರಿ ಮ್ಯಾಲೂ ಒಂದು ಕಣ್ಣಿರಲಿ."

ಮೇಡಂ ಮೊಬೈಲಿನಲ್ಲಿ ತೋರಿಸಿದ್ದೂ ಇದನ್ನೇ. ಒಂದು ವಾರ ಸಂಜೆಸಂಜೆ ಕುರಿಗಳ ನಡುವೆ ಕತ್ತು ಹೊರಳಿಸುವುದನ್ನು ಕಲಿತೆ.

ಪಂದ್ಯದ ದಿನ ನಾನು ಬೇರೆಯೇ ಮನುಷ್ಯ. ಹಿಂದೆ ನೋಡಿದೆ, ಚೆಂಡು ಇಸಿದುಕೊಂಡೆ, ತಿರುಗಿ ಎಡಗಡೆಯ ಮೂಲೆಗೆ ಉದ್ದಕ್ಕೆ ಕಳಿಸಿದೆ. ಚಪ್ಪಾಳೆ ಬಿತ್ತು. ಎದೆ ಉಬ್ಬಿತು. ಆ ಉಮೇದಿನಲ್ಲಿ ಮತ್ತೊಮ್ಮೆ ಹಿಂದೆ ನೋಡುತ್ತಿದ್ದಾಗ ಹಡಗಲಿಯ ಗಣಿತದ ಮೇಷ್ಟ್ರು ಚೆಂಡು ಸಮೇತ ಮುಂದಿನಿಂದ ಬಂದು, "ನಮಸ್ಕಾರ್ರಿ ಸರ" ಅನ್ನುತ್ತ ಪಕ್ಕದಲ್ಲೇ ದಾಟಿ ಗೋಲು ಹೊಡೆದರು. ಹೊಸದನ್ನು ಕಲಿಯುವ ಭರದಲ್ಲಿ ಅಡ್ಡ ಬರುವುದನ್ನೇ ಮರೆತಿದ್ದೆ!

ಅಣ್ಣನನ್ನು ಕಾಡಿಬೇಡಿ ಕುರಿ ಒಪ್ಪಿಸಿ ಅದೊಂದು ದಿನ ಬಂದಿದ್ದ ಮೈಲಾರಪ್ಪನನ್ನು ಮೇಡಂ ನನ್ನ ಜಾಗಕ್ಕೆ ಇಳಿಸಿದರು. ಅವನು ತಡೆದದ್ದೂ ಆಯಿತು, ಆಟ ಕಟ್ಟಿದ್ದೂ ಆಯಿತು. ಎರಡು–ಒಂದರಿಂದ ಗೆದ್ದೆವು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯೂ ಆಯಿತು.

"ಇನ್ಮುಂದೆ ಪ್ರತಿ ಪಂದ್ಯಕ್ಕೂ ನೀವೇ" ಅಂದರು ಮೇಡಂ ಅವನಿಗೆ.

"ಭಾನುವಾರ ನಂದ ಪಾಳಿ ಐತ್ರಿ ಮೇಡಂ. ಕುರಿ ಯಾರ ಕಾಯ್ತಾರ್ರಿ?" ಅಂದ ಮೈಲಾರಪ್ಪ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಹೀಗಾಗಿ ಈಗ ಭಾನುವಾರ ಮೈಲಾರಪ್ಪ ಮೈದಾನದಲ್ಲಿ, ನಾನು ಹೊಲದ ಅಂಚಿನಲ್ಲಿ. ಮೊನ್ನೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಒಂದು ಕುರಿಯೂ ನನ್ನನ್ನು ದಾಟಲಿಲ್ಲ. ಜೀವಮಾನದ ಶ್ರೇಷ್ಠ ಆಟ ಅದು. ನೋಡಲು ಅಲ್ಲಿ ಯಾರೂ ಇರಲಿಲ್ಲ ಅನ್ನುವುದೊಂದೇ ಕೊರಗು.